ಕಲ್ಯಾಣಕ್ಕೆ ವಾಪಸ್ ಬಂದವನು

ಕಲ್ಯಾಣ ಅಂದರೆ ನಮ್ಮ ಗುಲ್ಬರ್ಗ ಕಡೆಯವರಿಗೆ ಬಸವಣ್ಣನವರ ಕಲ್ಯಾಣ. ನಾನು ಮುಂಬಯಿಗೆ ಬಂದ ಹೊಸತರಲ್ಲಿ "ಕಲ್ಯಾಣದಲ್ಲಿ ರೂಮು ಸಿಕ್ಕಿದೆ" ಅಂತ ಊರಿಗೆ ಕಾಗದ ಹಾಕಿದ್ದೆ. ಅಜ್ಜಿ ಅದಕ್ಕೆ "ಇಷ್ಟ ಸಮೀಪ ಇದ್ದು ಹಬ್ಬಕ್ಕ ಯಾಕ ಬರಲಿಲ್ಲ?" ಅಂತ ಯಾರ ಕೈಲೋ ಬರೆಸಿ ಕಳಿಸಿದ್ದಳು. ಇದು ಬೇರೆ ಕಲ್ಯಾಣ, ರೈಲಿನ ಕಲ್ಯಾಣ, ಅಂತ ಅವಳಿಗೆ ತಿಳಿಸಿ ಹೇಳಲು ಇನ್ನೊಂದು ಇನ್‌ಲ್ಯಾಂಡ್ ಲೆಟರ್ ಖರ್ಚಾಯಿತು. ಇಲ್ಲಿಂದ ಒಂದು ಹಳಿ ಕಸಾರಾ ಘಾಟಿ ಹತ್ತಿ ನಾಸಿಕದ ಕಡೆ ಹೋಗುತ್ತದೆ. ಇನ್ನೊಂದು ಕರ್ಜತ್ ಮೇಲಿಂದ ಪುಣೆ, ಸೊಲ್ಲಾಪುರ ದಾಟಿ ನಮ್ಮೂರಿಗೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮಲಗಿದರೆ ಸಾಕು, ಊರು ತಾನೇ ಬರುತ್ತದೆ.

ಆಮೇಲೆ ಡೊಂಬಿವಲಿಗೆ ಮನೆ ಬದಲಾಯಿಸಿ ಇಲ್ಲಿಯೇ ಬೇರು ಬಿಟ್ಟೆ. ಕಲ್ಯಾಣ ಪಕ್ಕದ ಊರಾಗಿಯೇ ಉಳಿಯಿತು. ಆ ಪಕ್ಕದ ಊರಿನ ಹೆಸರು 2014ರಲ್ಲಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂದಾಗ ನಮ್ಮ 8.12ರ ಲೋಕಲ್ ಗುಂಪಿನಲ್ಲಿ ಅದನ್ನು ಬಿಟ್ಟು ಬೇರೆ ಮಾತಿರಲಿಲ್ಲ.

ಅನೇಕರಿಗೆ ಮರೆತಿರಬಹುದು, ಹಾಗಾಗಿ ಮೊದಲಿಂದ ಹೇಳುತ್ತೇನೆ. 2014ರ ಮೇ ತಿಂಗಳಲ್ಲಿ ಕಲ್ಯಾಣದ ನಾಲ್ವರು ಹುಡುಗರು ಯಾತ್ರಿಕರ ಒಂದು ತಂಡದ ಜತೆ ಬಾಗ್ದಾದಿಗೆ ಹೋದರು. ಅಲ್ಲಿ ತಂಡದಿಂದ ತಪ್ಪಿಸಿಕೊಂಡು ಐಸಿಸ್ ಸೇರಲು ಮೊಸೂಲ್ ಕಡೆ ನಡೆದರು. ಜೂನ್ 10ರಂದು ಮೊಸೂಲ್ ಐಸಿಸ್ ಕೈಗೆ ಬಿತ್ತು, ತಿಂಗಳ ಕೊನೆಗೆ ಅದು 'ಖಿಲಾಫತ್' ಘೋಷಿಸಿತು. ನಾಲ್ವರಲ್ಲಿ ಒಬ್ಬ ಅರೀಬ್ ಮಜೀದ್. ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸು, ಪನ್ವೇಲ್ ಕಡೆ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದವನು, ತಂದೆ ವೈದ್ಯರು. ಮನೆಯಲ್ಲಿ ಪತ್ರ ಬರೆದಿಟ್ಟು ಹೋಗಿದ್ದ. ಆಗಸ್ಟ್‌ನಲ್ಲಿ ಅವನು ಸತ್ತನೆಂದು ಸುದ್ದಿ ಬಂತು. ಮನೆಯವರು ದೇಹವಿಲ್ಲದೆಯೇ ಅಂತಿಮ ಪ್ರಾರ್ಥನೆ ಮಾಡಿ ಮುಗಿಸಿದರು. ನವೆಂಬರ್‌ನಲ್ಲಿ ನೋಡಿದರೆ ಆಸಾಮಿ ಬದುಕಿದ್ದಾನೆ! ಗುಂಡೇಟು ತಿಂದು, ಟರ್ಕಿಗೆ ಬಂದು, ಅಲ್ಲಿಂದ ಮನೆಗೆ ಫೋನ್ ಮಾಡಿದ್ದ. 2014ರ ನವೆಂಬರ್ 28ರಂದು ಇಸ್ತಾಂಬುಲ್‌ನಿಂದ ಮುಂಬಯಿಗೆ ಬಂದಿಳಿದ. ರಾಷ್ಟ್ರೀಯ ತನಿಖಾ ದಳ (ಎನ್‌ಐಎ) ಅವನನ್ನು ಬಂಧಿಸಿತು. ಜತೆಗೆ ಹೋದ ಮೂವರು ಬರಲಿಲ್ಲ.

ಆಗ ಪತ್ರಿಕೆಗಳು ತನಿಖೆಯವರ ಬಾಯಲ್ಲಿ ಬಂತೆಂದು ಒಂದು ಸಂಗತಿ ಬರೆದವು. ಅಲ್ಲಿ ಅವನಿಂದ ಕಕ್ಕಸು ತೊಳೆಸುತ್ತಿದ್ದರಂತೆ, ನೀರು ಹೊರಿಸುತ್ತಿದ್ದರಂತೆ. ನಿಜವೋ ಸುಳ್ಳೋ, ಡಬ್ಬಿಯಲ್ಲಿ (ಲೋಕಲ್ ಬೋಗಿಗೆ ಇಲ್ಲಿ ಹಾಗೇ ಹೇಳುವುದು) ಮಾತ್ರ ನಗೆಯೋ ನಗೆ. ನಮ್ಮ ಉಡುಪಿ ಕಡೆಯ ಗೆಳೆಯರೊಬ್ಬರು, ಫೋರ್ಟ್‌ನ ಒಂದು ಆಫೀಸ್ ಕ್ಯಾಂಟೀನ್ ನೋಡಿಕೊಳ್ಳುವವರು, ನಗಲಿಲ್ಲ. "ಅಲ್ಲೇ ಸಾಯ್ಲಿ ಅಂತ ಬಿಡ್ಬೇಕಿತ್ತು ಮಾರಾಯ್ರೆ. ವಿಮಾನದಲ್ಲಿ ಕರ್ಕೊಂಡು ಬರ್ಲಿಕ್ಕೆ ಇವ ಎಂಥ, ನಮ್ಮ ಸೈನಿಕನಾ?" ಅಂದರು. ನಾನೂ ತಲೆಯಾಡಿಸಿದೆ. ನಮ್ಮ ಗುಂಪಿನಲ್ಲಿ ಮುಂಬ್ರಾದಿಂದ ಹತ್ತುವ ಒಬ್ಬರಿದ್ದರು, ಇಸ್ಪೀಟಿನಲ್ಲಿ ನಮ್ಮೆಲ್ಲರನ್ನು ಸೋಲಿಸುವವರು. ಆ ವಾರವೆಲ್ಲ ಅವರು ಇಸ್ಪೀಟು ಕೇಳಲಿಲ್ಲ, ಪೇಪರ್ ಮುಖದ ಮುಂದೆ ಹಿಡಿದೇ ಕೂತರು. ಅದು ನನಗೆ ಕಂಡದ್ದು ಬಹಳ ತಡವಾಗಿ.

ಅಲ್ಲೇ ಬಿಡಬೇಕಿತ್ತೇ ಅನ್ನುವ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಪರರ ಯುದ್ಧಕ್ಕೆ ಹೋದವರು ಯುದ್ಧ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೆ? ಐಸಿಸ್ ಸೇರಲು ಹೋದವರು 110 ದೇಶಗಳ 40,000ಕ್ಕೂ ಹೆಚ್ಚು ಜನ ಎಂದು ವಿಶ್ವಸಂಸ್ಥೆ ಅಂದಾಜು ಮಾಡಿತ್ತು. ನಮ್ಮ ದೇಶದಿಂದ ಹೋದವರು ಅದರಲ್ಲಿ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಆದರೆ ಈ ಪ್ರಶ್ನೆ ನಮ್ಮ ದಖ್ಖನ್ನಿಗೆ ಹೊಸದಲ್ಲ. ಇನ್ನೂರು ವರ್ಷ ಹಿಂದೆ ಅದು ತಿರುವುಮುರುವಾಗಿತ್ತು, ಅಷ್ಟೇ. ಆಗ ಅರಬರು ನಮ್ಮಲ್ಲಿಗೆ ಯುದ್ಧ ಮಾಡಲು ಬರುತ್ತಿದ್ದರು.

ಈಗಿನ ಯೆಮೆನ್ ದೇಶದ ಹದ್ರಾಮೌತ್ ಎಂಬ ಒಣ ಕಣಿವೆಯಿಂದ ಬಂದ ಸಿಪಾಯಿಗಳು ಪೇಶ್ವೆಯರಲ್ಲಿ, ನಾಗಪುರದ ಭೋಸಲೆಯರಲ್ಲಿ, ನಿಜಾಮನಲ್ಲಿ ಸಂಬಳಕ್ಕಿದ್ದರು. ಕೋಟೆ ಕಾಯುವುದರಲ್ಲಿ ಅವರದ್ದು ಎತ್ತಿದ ಕೈ, ಅದಕ್ಕೇ ಸಂಬಳವೂ ಜಾಸ್ತಿ. 1818ರಲ್ಲಿ ಪೇಶ್ವಾಯಿ ಬಿತ್ತು. ಧಣಿ ಹೋದ, ಸಿಪಾಯಿ ಉಳಿದ. ನಾಗಪುರದಲ್ಲಿ ಅರಬರು ಕೋಟೆ ಬಿಟ್ಟುಕೊಟ್ಟು ಹೊರಬಿದ್ದಾಗ ಅಸೀರ್‌ಗಢಕ್ಕೊಂದು ಹೋಗಬೇಡಿ, ಬೇರೆ ಎಲ್ಲಿಗಾದರೂ ಹೋಗಿ ಅನ್ನುವ ಧಾಟಿಯ ಕರಾರಾಗಿತ್ತು. ಎಲ್ಲಿಗೆ ಹೋಗುತ್ತಾರೆ? ಗೊತ್ತಿದ್ದದ್ದು ಒಂದೇ ಕಸುಬು. ಖಾನದೇಶದಲ್ಲಿ ಅರಬರ ಹಾವಳಿ ಹೆಚ್ಚಿತು. ಕೊನೆಗೆ ಮಾಲೆಗಾಂವ್ ಕೋಟೆಯಲ್ಲಿ ಅವರು ಕಂಪನಿ ಸೈನ್ಯವನ್ನು ವಾರಗಟ್ಟಲೆ ತಡೆದು ನಿಲ್ಲಿಸಿ, ಜೂನ್‌ನಲ್ಲಿ ಶರಣಾದರು.

ಆ ಶರಣಾಗತಿಯಲ್ಲಿ ಒಂದು ಸ್ವಾರಸ್ಯ ಇದೆ. ಕರಾರನ್ನು ಮರಾಠಿಯಲ್ಲಿ ಬರೆದ ಮುನ್ಶಿಯ ಪದಗಳು, ಇಂಗ್ಲಿಷ್ ಅಧಿಕಾರಿಯ ಮನಸ್ಸಿನಲ್ಲಿದ್ದುದಕ್ಕಿಂತ ತುಂಬಾ ಉದಾರವಾಗಿದ್ದವು. ಅಧಿಕಾರಿಯ ಲೆಕ್ಕದಲ್ಲಿ ಅದು ಬೇಷರತ್ ಶರಣಾಗತಿ. ಕಾಗದದಲ್ಲಿ ನೋಡಿದರೆ ಅರಬರಿಗೆ ಒಳ್ಳೆಯದಾಗುವಂತೆ ನಡೆದುಕೊಳ್ಳುತ್ತೇವೆಂಬ ಮಾತು! ವಿಷಯ ಕಮಿಷನರ್ ಎಲ್ಫಿನ್‌ಸ್ಟನ್ ತನಕ ಹೋಯಿತು. ಅವನು ಕಾಗದದಲ್ಲಿ ಬರೆದದ್ದೇ ಮಾತು ಅಂತ ಉದಾರ ಅರ್ಥವನ್ನೇ ಎತ್ತಿಹಿಡಿದ. ಅನುವಾದ ಮಾಡುವವರಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನು ಬೇಕು! (ಈ ಕೆಲಸದಲ್ಲಿ ನಾನೂ ಸ್ವಲ್ಪ ಕೈ ಸುಟ್ಟುಕೊಂಡವನು, ಅದಕ್ಕೇ ಹೇಳಿದೆ.)

ನಿಜಾಮನ ಅರಬರ ಕಥೆ ಬೇರೆಯೇ ಆಯಿತು. ಅಲ್ಲಿ ಧಣಿ ಬೀಳಲಿಲ್ಲ. ಸಿಪಾಯಿಗಳು ಜಮಾದಾರರಾದರು, ಜಮಾದಾರರು ಸಾಲ ಕೊಟ್ಟರು, ಸಾಲಕ್ಕೆ ಜಮೀನು ಬರೆಸಿಕೊಂಡರು. ಸಾಲಾರ್ ಜಂಗ್ ದಿವಾನನಾದ ಮೇಲೆ ಅವರ ರೆಕ್ಕೆ ಕತ್ತರಿಸಲು ವರ್ಷಗಟ್ಟಲೆ ಹೆಣಗಬೇಕಾಯಿತು. ಹೈದರಾಬಾದಿನಲ್ಲಿ ಬಾರ್ಕಸ್ ಅಂತ ಒಂದು ಬಡಾವಣೆಯೇ ಇದೆ, ಬ್ಯಾರಕ್ಸ್ ಅನ್ನುವುದು ಬಾಯಲ್ಲಿ ಹಾಗಾಗಿದೆ. ಅಲ್ಲಿನ ಒಬ್ಬ ಜಮಾದಾರ ಉಮರ್ ಬಿನ್ ಅವದ್ ಅಲ್-ಕುವೈತಿ ದಖ್ಖನ್ನಿನಲ್ಲಿ ಗಳಿಸಿದ ಹಣವನ್ನು ಊರಿಗೆ ಸುರಿದ. ಅವನ ವಂಶದವರು 1858ರಲ್ಲಿ ಶಿಬಾಮ್, 1867ರಲ್ಲಿ ಶಿಹ್ರ್, 1881ರಲ್ಲಿ ಮುಕಲ್ಲಾ ಹಿಡಿದು ಒಂದು ರಾಜ್ಯವನ್ನೇ ಕಟ್ಟಿದರು. 1967ರವರೆಗೆ ಅದು ನಡೆಯಿತು. ನಮ್ಮ ಬಿಸಿಲುನಾಡಿನ ತೊಗರಿ, ಜೋಳದ ಕಂದಾಯ ಅರಬ್ಬೀ ಸಮುದ್ರದಾಚೆ ಸುಲ್ತಾನರನ್ನು ಮಾಡಿತು ಅಂದರೆ ನಮ್ಮೂರಲ್ಲಿ ನಂಬುವವರು ಕಡಿಮೆ.

ಇದು ಗೆದ್ದವರ ಮಾತಾಯಿತು. ಮಿಕ್ಕವರ ಮಾತು ನಮ್ಮಜ್ಜಿಗೆ ಗೊತ್ತಿತ್ತು.

ನಮ್ಮೂರಿನ ಒಂದು ದೊಡ್ಡ ಮನೆಯಲ್ಲಿ ಒಬ್ಬ ಅರಬ ಕಾವಲಿಗಿದ್ದನಂತೆ. ಅವನಜ್ಜ ಯಾವಾಗಲೋ ಬಂದವನು. ಇವನ ಹೆಂಡತಿ ನಮ್ಮ ಕಡೆಯವಳೇ, ಮೂವರು ಮಕ್ಕಳು. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಆಕ್ಷನ್ ಆಗಿ ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿದಾಗ ಬೀದರ್, ಗುಲ್ಬರ್ಗ, ರಾಯಚೂರು ಎಲ್ಲ ಕಡೆ ಏನೇನಾಯಿತೆಂದು ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅದಕ್ಕೂ ಮೊದಲು ರಜಾಕಾರರು ಮಾಡಿದ್ದೂ ಗೊತ್ತು, ಆಮೇಲೆ ಅಮಾಯಕ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಂಡದ್ದೂ ಗೊತ್ತು. ನಿಜಾಮನ ಅರಬ ಸಿಪಾಯಿಗಳನ್ನು, ಪಠಾಣರನ್ನು ಸರ್ಕಾರ ಪರದೇಶಿ ಹೋರಾಟಗಾರರೆಂದು ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿತು, ವಾಪಸ್ ಕಳಿಸುತ್ತೇವೆ ಅಂತ. ವಾಪಸ್ ಅಂದರೆ ಎಲ್ಲಿಗೆ? ಅನೇಕರು ಹುಟ್ಟಿದ್ದೇ ಇಲ್ಲಿ, ತಾಯಂದಿರು ಇಲ್ಲಿನವರು. ಏಡನ್‌ನಲ್ಲಿದ್ದ ಬ್ರಿಟಿಷರಿಗೆ ಅವರನ್ನು ಇಳಿಸಿಕೊಳ್ಳಲು ಮನಸ್ಸಿಲ್ಲ. ಹದ್ರಾಮೌತ್‌ನಲ್ಲಿ ಆ ವರ್ಷಗಳಲ್ಲೇ ಭೀಕರ ಬರ. ಹಾಗಿದ್ದರೂ ಮುಂಬಯಿ ಬಂದರಿನಿಂದ ಹಡಗುಗಳು ಹೊರಟವು. ನಮ್ಮೂರ ಅರಬನೂ ಅದರಲ್ಲೊಂದು ಹಡಗು ಹತ್ತಿದನೆಂದು ಊರಿಗೆ ಸುದ್ದಿ ಬಂತಂತೆ. "ಭಾಳ ಛಲೋ ಮನಷ್ಯಾ ಇದ್ದ. ಒಯ್ದ್ರು, ಹ್ವಾದ," ಅನ್ನುತ್ತಿದ್ದಳು ಅಜ್ಜಿ. ಗುಲ್ಬರ್ಗದಿಂದ ಮುಂಬಯಿಗೆ ಅಂದರೆ ಅವನೂ ಈ ಕಲ್ಯಾಣ ಜಂಕ್ಷನ್ ದಾಟಿಯೇ ಹೋಗಿರಬೇಕು.

ಸಂಬಳಕ್ಕೆ ಕಾದುವ ಸಿಪಾಯಿಗೂ, ಧರ್ಮದ ಹೆಸರಲ್ಲಿ ಕತ್ತು ಕುಯ್ಯುವವರ ಗುಂಪು ಸೇರಲು ಮನೆ ಬಿಟ್ಟು ಓಡಿದ ಹುಡುಗನಿಗೂ ಏನು ಹೋಲಿಕೆ ಅಂತ ನೀವು ಕೇಳಬಹುದು. ಹೋಗುವ ಕಾರಣದಲ್ಲಿ ಹೋಲಿಕೆ ಇಲ್ಲ, ಒಪ್ಪಿದೆ. ಬರುವ ದಾರಿಯಲ್ಲಿ ಇದೆ. ಕತ್ತಿ ಕೆಳಗಿಟ್ಟ ಮೇಲೆ "ಇವನು ನಮ್ಮವನು" ಅನ್ನುವವರು ಆ ಕಡೆ ಯಾರಾದರೂ ಇದ್ದಾರೆಯೇ ಅನ್ನುವುದೇ ಎರಡೂ ಕಡೆ ಮುಖ್ಯವಾಗುತ್ತದೆ. ಇಲ್ಲದಿದ್ದರೆ ಅವನು ಮುಂದಿನ ಯುದ್ಧಕ್ಕೆ ನಡೆಯುತ್ತಾನೆ.

ಹಾಗೆ ನಡೆಯುತ್ತಲೇ ಹೋದವರ ಗೋರಿಗಳು ಶ್ರೀರಂಗಪಟ್ಟಣದಲ್ಲಿವೆ. ಮೈಸೂರು ಕಡೆ ಹೋದಾಗ ದರಿಯಾ ದೌಲತ್, ಗುಂಬಜ್ ನೋಡಿ ಬರುತ್ತೀರಿ; ಕಾವೇರಿ ದಂಡೆಯ ಗ್ಯಾರಿಸನ್ ಸಿಮೆಟ್ರಿಯನ್ನೂ ಒಮ್ಮೆ ನೋಡಿ. ಅಲ್ಲಿ ದ ಮ್ಯೂರೋನ್ ರೆಜಿಮೆಂಟಿನವರು ಮಲಗಿದ್ದಾರೆ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಒಬ್ಬ ದೊರೆಮನೆತನದವನು 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಬಾಡಿಗೆ ಪಡೆ ಇದು. ಸಿಲೋನಿನಲ್ಲಿ ಡಚ್ಚರ ಕೋಟೆ ಕಾಯುತ್ತಿದ್ದಾಗ, 1795ರಲ್ಲಿ ಅದರ ಧಣಿ ದೂರದ ಯುರೋಪಿನಲ್ಲಿ ಕುಳಿತು ಇಡೀ ಪಡೆಯನ್ನು ಬ್ರಿಟಿಷರಿಗೆ ವಹಿಸುವ ಒಪ್ಪಂದಕ್ಕೆ ಸಹಿ ಹಾಕಿದ. ನಿನ್ನೆಯ ಶತ್ರು ಇಂದಿನ ಯಜಮಾನ! 1799ರಲ್ಲಿ ಅವರನ್ನು ಟಿಪ್ಪುವಿನ ಮೇಲೆ ಶ್ರೀರಂಗಪಟ್ಟಣಕ್ಕೆ ತಂದರು.

ಸತ್ತವರು ಕಾವೇರಿ ದಂಡೆಯಲ್ಲಿ ಉಳಿದರು. ಬದುಕಿದ ಪಡೆ 1806ರಲ್ಲಿ ಯುರೋಪಿಗೆ ಹೋಯಿತು, ಅಲ್ಲಿ ನೆಪೋಲಿಯನ್ ಯುದ್ಧಗಳ ಚೂರುಪಾರು ಸೈನಿಕರನ್ನು ತುಂಬಿಕೊಂಡು 1813ರಲ್ಲಿ ಕೆನಡಾಕ್ಕೆ. 1816ರಲ್ಲಿ ಪಡೆ ವಿಸರ್ಜನೆಯಾಯಿತು. ಕೆಲಸವಿಲ್ಲ, ಹೋಗಲು ಊರಿಲ್ಲ. ಅದೇ ಹೊತ್ತಿಗೆ ಲಾರ್ಡ್ ಸೆಲ್ಕರ್ಕ್ ಎಂಬಾತನಿಗೆ ರೆಡ್ ರಿವರ್ ಎಂಬಲ್ಲಿ, ಅಂದರೆ ಈಗಿನ ವಿನಿಪೆಗ್ ಬಳಿ, ತನ್ನ ವಸಾಹತನ್ನು ತುಪ್ಪಳದ ವ್ಯಾಪಾರಿಗಳಿಂದ ಕಾಯಲು ಜನ ಬೇಕಿತ್ತು. ನೂರರ ಸುಮಾರು ಮಂದಿ ಹೋದರು, 1817ರ ಜನವರಿಯ ಹಿಮದಲ್ಲಿ ಕೋಟೆ ಗೆದ್ದುಕೊಟ್ಟರು, ಜಮೀನು ಪಡೆದರು. ಜಮೀನೇನೋ ಸಿಕ್ಕಿತು, ಉಳುವ ಮನಸ್ಸು ಸಿಗಲಿಲ್ಲ. 1826ರಲ್ಲಿ ನದಿ ಉಕ್ಕಿ ಎಲ್ಲ ಕೊಚ್ಚಿಹೋದಾಗ ಅವರಲ್ಲಿ ಹೆಚ್ಚಿನವರು ಗಂಟುಮೂಟೆ ಕಟ್ಟಿ ಅಮೆರಿಕದ ಕಡೆ ನಡೆದರು. ಶ್ರೀರಂಗಪಟ್ಟಣದ ಗೋರಿಗಳಿಗೆ ಬಹುಕಾಲ ದಿಕ್ಕಿರಲಿಲ್ಲ. 2008ರಲ್ಲಿ ಸ್ವಿಟ್ಜರ್ಲೆಂಡಿನ ಅದೇ ಮನೆತನದವರು ದುಡ್ಡು ಕೊಟ್ಟು ಸರಿಪಡಿಸಿದರು.

ಸ್ವಿಟ್ಜರ್ಲೆಂಡ್ ವಿಷಯ ಬಂತಲ್ಲ, ಇನ್ನೊಂದು ಮಾತು. ಶತಮಾನಗಟ್ಟಲೆ ಪ್ರಪಂಚಕ್ಕೆಲ್ಲ ಬಾಡಿಗೆ ಸೈನಿಕರನ್ನು ಕಳಿಸಿದ ಆ ದೇಶ 1859ರಲ್ಲಿ ಪರದೇಶದ ಬಾಡಿಗೆ ಪಡೆಗಳಿಗೆ ಸೇರುವುದನ್ನು ನಿಷೇಧಿಸಿತು, ಮುಂದೆ ಕಾನೂನು ಇನ್ನೂ ಬಿಗಿಯಾಯಿತು. 1936ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಸುಮಾರು 800 ಸ್ವಿಸ್ ತರುಣರು ಫ್ರಾಂಕೋ ವಿರುದ್ಧ ಹೋರಾಡಲು ಹೋದರು. ಸೋತು ಊರಿಗೆ ಬಂದವರನ್ನು ಸೈನಿಕ ನ್ಯಾಯಾಲಯ ಕಾದು ಕುಳಿತಿತ್ತು. ನೂರಾರು ಜನರಿಗೆ ಜೈಲು. ಶಿಕ್ಷೆ ರದ್ದು ಮಾಡಿ ಅವರ ಮರ್ಯಾದೆ ಮರಳಿ ಕೊಟ್ಟದ್ದು 2009ರಲ್ಲಿ. ಅಷ್ಟರಲ್ಲಿ ಬದುಕಿದ್ದವರನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಐಸಿಸ್‌ಗೂ ಸ್ಪೇನಿನ ಗಣರಾಜ್ಯಕ್ಕೂ ಆಕಾಶ ಭೂಮಿ ಅಂತರ. ಆದರೆ ಬಂದವರನ್ನು ಒಳಗೆ ಬಿಟ್ಟು, ತಮ್ಮದೇ ಕೋರ್ಟಿನಲ್ಲಿ ನಿಲ್ಲಿಸಿ, ತಮ್ಮದೇ ಜೈಲಿಗೆ ಹಾಕಿದರು ಅನ್ನುವುದನ್ನು ಗಮನಿಸಿ. 2019ರಲ್ಲಿ ಬ್ರಿಟನ್ ಮಾಡಿದ್ದು ಬೇರೆ. ಹದಿನೈದನೇ ವಯಸ್ಸಿಗೆ ಸಿರಿಯಾಕ್ಕೆ ಹೋದ ಶಮೀಮಾ ಬೇಗಂಳ ಪೌರತ್ವವನ್ನೇ ಕಿತ್ತು, ನಮಗೂ ನಿನಗೂ ಸಂಬಂಧವಿಲ್ಲ ಅಂದಿತು. ಆ ವರ್ಷ ಐಸಿಸ್‌ನ ಕೊನೆಯ ತುಂಡು ನೆಲ ಹೋದ ಮೇಲೆ ಈಶಾನ್ಯ ಸಿರಿಯಾದ ಅಲ್-ಹೋಲ್ ಶಿಬಿರದಲ್ಲಿ 70,000ಕ್ಕೂ ಹೆಚ್ಚು ಜನ ತುಂಬಿಕೊಂಡರು, ಬಹುಪಾಲು ಹೆಂಗಸರು ಮಕ್ಕಳು. ನಮ್ಮ ಉಡುಪಿ ಗೆಳೆಯರ "ಅಲ್ಲೇ ಬಿಡ್ಬೇಕಿತ್ತು" ಅನ್ನುವುದನ್ನು ದೇಶಗಳು ಮಾಡಿ ತೋರಿಸಿದರೆ ಹೇಗಿರುತ್ತದೆ ಅನ್ನುವುದಕ್ಕೆ ಆ ಶಿಬಿರ ಸಾಕು.

ಕಲ್ಯಾಣದ ಹುಡುಗನ ವಿಷಯದಲ್ಲಿ ಹಾಗಾಗಲಿಲ್ಲ. ತಂದೆ ಮಗ ಕಾಣೆಯಾದಾಗಿನಿಂದ ಸರ್ಕಾರದ ಬಾಗಿಲು ತಟ್ಟುತ್ತಿದ್ದರು. ಮಗ ಬಂದ, ನೇರ ಜೈಲಿಗೆ ಹೋದ. ಯುಎಪಿಎ ಕಾಯಿದೆಯ ಜತೆ ಅವನ ಮೇಲೆ ಹಾಕಿದ್ದು ಭಾರತೀಯ ದಂಡ ಸಂಹಿತೆಯ 125ನೇ ಕಲಂ. 1860ರ ಕಾನೂನು. ಭಾರತ ಸರ್ಕಾರದೊಡನೆ ಸ್ನೇಹದಿಂದಿರುವ ಯಾವುದೇ "ಏಷ್ಯಾದ ಸತ್ತೆ"ಯ ಮೇಲೆ ಯುದ್ಧ ಮಾಡಿದವನಿಗೆ ಜೀವಾವಧಿಯವರೆಗೆ ಶಿಕ್ಷೆ ಕೊಡಬಹುದು ಅನ್ನುತ್ತದೆ. ಇಲ್ಲಿ ಏಷ್ಯಾದ ಸತ್ತೆ ಅಂದರೆ ಇರಾಕ್, ಸಿರಿಯಾ. ದೂಳು ಹಿಡಿದು ಬಿದ್ದಿದ್ದ ಕಲಮು. ಇದರಡಿ ಇರಾಕಿಗೆ ಹೋಗಿ ಬಂದವನೊಬ್ಬನಿಗೆ ನಮ್ಮಲ್ಲಿ ಮೊದಲು ಶಿಕ್ಷೆಯಾದದ್ದು 2020ರ ಸೆಪ್ಟೆಂಬರ್‌ನಲ್ಲಿ, ಕೊಚ್ಚಿಯ ವಿಶೇಷ ನ್ಯಾಯಾಲಯದಲ್ಲಿ. ಕೇರಳ ಮೂಲದ ಸುಬಹಾನಿ ಹಾಜಾ ಮೊಯ್ದೀನ್‌ಗೆ ಅಲ್ಲಿ ಜೀವಾವಧಿ ವಿಧಿಸಲಾಯಿತು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 153ನೇ ಕಲಂ, "ಏಷ್ಯಾ" ಹೋಗಿ "ಯಾವುದೇ ವಿದೇಶಿ ರಾಷ್ಟ್ರ" ಆಗಿದೆ.

ಮಜೀದನ ಮೊಕದ್ದಮೆ ನಮ್ಮ ಕೋರ್ಟುಗಳ ಮಾಮೂಲಿ ನಡಿಗೆಯಲ್ಲಿ ನಡೆಯಿತು. ಐದು ವರ್ಷ ದಾಟಿದರೂ ಐವತ್ತರ ಆಸುಪಾಸು ಸಾಕ್ಷಿಗಳ ವಿಚಾರಣೆಯಾಗಿತ್ತು, ನೂರಕ್ಕೂ ಹೆಚ್ಚು ಸಾಕ್ಷಿಗಳು ಬಾಕಿ. ಅವನು ವಕೀಲರನ್ನು ಬಿಟ್ಟು ತನ್ನ ವಾದ ತಾನೇ ಮಾಡತೊಡಗಿದ. 2020ರ ಮಾರ್ಚ್‌ನಲ್ಲಿ ವಿಶೇಷ ನ್ಯಾಯಾಲಯ ಜಾಮೀನು ಕೊಟ್ಟಿತು, ಎನ್‌ಐಎ ಮೇಲ್ಮನವಿಯಿಂದ ಅದು ಜಾರಿಯಾಗದೆ ನಿಂತಿತು. 2021ರ ಫೆಬ್ರವರಿ 23ರಂದು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಎಸ್.ಎಸ್. ಶಿಂದೆ ಮತ್ತು ಮನೀಶ್ ಪಿತಳೆ ಜಾಮೀನು ಎತ್ತಿಹಿಡಿದರು. ಅವನು ನಿರಪರಾಧಿ ಅಂತಲ್ಲ. ಸಾಕ್ಷ್ಯದ ಬಗ್ಗೆ ಕೆಳಗಿನ ಕೋರ್ಟು ಆಡಿದ್ದ ಮಾತುಗಳನ್ನು ಹೈಕೋರ್ಟು ಒಪ್ಪಲಿಲ್ಲ. ಆರು ವರ್ಷ ಒಳಗಿದ್ದಾನೆ, ವಿಚಾರಣೆ ಬೇಗ ಮುಗಿಯುವ ಲಕ್ಷಣವಿಲ್ಲ, ಹೀಗಿರುವಾಗ ಯುಎಪಿಎಯ ಬಿಗಿ ನಿಯಮವಿದ್ದರೂ ಜಾಮೀನು ಕೊಡಬಹುದು ಅನ್ನುವುದೊಂದೇ ಆಧಾರ. ಅದೇ ತಿಂಗಳ 1ರಂದು ಸುಪ್ರೀಂ ಕೋರ್ಟು ಕೇರಳದ ನಜೀಬ್ ಮೊಕದ್ದಮೆಯಲ್ಲಿ ಹೀಗೇ ಹೇಳಿತ್ತು. ಷರತ್ತುಗಳು: ಒಂದು ಲಕ್ಷದ ಬಾಂಡು, ಕಲ್ಯಾಣದ ಮನೆಯಲ್ಲೇ ವಾಸ, ಮೊದಲ ಎರಡು ತಿಂಗಳು ದಿನಕ್ಕೆ ಎರಡು ಸಲ ಪೊಲೀಸ್ ಠಾಣೆಗೆ ಹಾಜರಿ, ಆಮೇಲೆ ಹಂತಹಂತವಾಗಿ ಕಡಿಮೆ.

ಮರುದಿನ ಉಡುಪಿ ಗೆಳೆಯರ ಫೋನು. ಕೊರೋನಾದಿಂದ ಲೋಕಲ್ ಗುಂಪು ಚದುರಿ ಹೋಗಿತ್ತು, ಮಾತಿಗೆ ಫೋನೇ ಗತಿ.

"ಬಿಟ್ರಂತಲ್ಲ ಮಾರಾಯ್ರೆ ಅವನನ್ನು."

"ಬಿಟ್ಟದ್ದಲ್ಲ, ಜಾಮೀನು. ದಿನಾ ಎರಡು ಸಲ ಠಾಣೆಗೆ ಹೋಗಿ ಸಹಿ ಹಾಕಬೇಕಂತೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಲ್ಲಿದ್ದಾನೆ ಅಂತ ದಿನಕ್ಕೆ ಎರಡು ಸಲ ಗೊತ್ತಾಗ್ತದಲ್ಲ, ಅದು ಒಳ್ಳೇದೇ. ಸಿರಿಯಾದಲ್ಲಿ ಬಿಟ್ಟಿದ್ರೆ ಯಾರಿಗೆ ಗೊತ್ತಿರ್ತಿತ್ತು?" ಅಂದರು. ಆರು ವರ್ಷದ ಹಿಂದೆ ಡಬ್ಬಿಯಲ್ಲಿ ಆಡಿದ್ದನ್ನು ಅವರೂ ನೆನಪಿಸಲಿಲ್ಲ, ನಾನೂ ನೆನಪಿಸಲಿಲ್ಲ. ಆಮೇಲೆ ಅವರೇ ಕೇಳಿದರು, "ನಿಮ್ಮಜ್ಜಿ ಹೇಳ್ತಿದ್ದ ಆ ಅರಬನ ಹೆಂಡ್ತಿ ಮಕ್ಕಳು ಏನಾದ್ರು?"

ಅವಳು ಊರಲ್ಲೇ ಉಳಿದಳು. ಹೊಲದ ಕೂಲಿ ಮಾಡಿ ಮಕ್ಕಳನ್ನು ಸಾಕಿದಳು. ದೊಡ್ಡ ಮಗ ಶಹಾಬಾದಿನಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಸೇರಿದ. ನಾನು ಚಿಕ್ಕವನಿದ್ದಾಗ ಮೊಹರಂಗೆ ರಜೆಯಲ್ಲಿ ಬರುತ್ತಿದ್ದ, ನಮಗೆಲ್ಲ ಚೊಂಗೆ ಹಂಚುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಕನ್ನಡ ಮತ್ತು ನಮ್ಮ ಕಡೆಯ ಉರ್ದು, ಎರಡೇ. ಊರಲ್ಲಿ ಮಾತ್ರ ಅವನ ಹೆಸರು ಕೊನೆತನಕ ಅರಬ ಅಂತಲೇ ಇತ್ತು.